ನಲವತ್ತೆರಡು ದಿನದ ಮನೆ

ಅಕ್ಕ ತಂಗಿಯರಿಗೆ ನಲವತ್ತೆರಡು ದಿನ ಇರಲು ಮನೆ ಇರಲಿಲ್ಲ.

ಹಾಗೆಂದು ಅವರು ಮನೆ ಮಠ ಇಲ್ಲದವರಲ್ಲ. ಹಿಂದೆ ಎರಡು ಕೋಣೆ, ಮುಂದೆ ಹೊಲಿಗೆ ಅಂಗಡಿ ಇದ್ದ ಮನೆಯೊಂದು ಅವರಿಗಿತ್ತು. ಅದು ಈ ಆಸ್ಪತ್ರೆಯಿಂದ ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಅಕ್ಕನ ಮಂಡಿ ಬಗ್ಗಿಸಬೇಕಾದ ಯಂತ್ರ ಮಾತ್ರ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿತ್ತು.

ಅಕ್ಕ ಟೈಲರ್. ವಯಸ್ಸು ನಲವತ್ತೊಂದು. ಗುಂಡಿ, ಲೈನಿಂಗ್ ಬಟ್ಟೆ ತರಲು ಹೋದವಳಿಗೆ ಹಿಂದಕ್ಕೆ ಬರುತ್ತಿದ್ದ ವ್ಯಾನು ಗುದ್ದಿತ್ತು. ಬಲಗಾಲಿನ ಸೊಂಟದ ಕೀಲು ಮತ್ತು ಮಂಡಿ ಎರಡೂ ಮುರಿದವು. ಎಡಗಾಲಿನ ಪಾದದ ಮೂಳೆ ಬಿರುಕು ಬಿಟ್ಟಿತು. ಡಾಕ್ಟರು ಕೀಲಿಗೆ ತಿರುಪು ಹಾಕಿ, ಮಂಡಿಯನ್ನು ಜೋಡಿಸಿ, ಬಲಗಾಲನ್ನು ನೆಟ್ಟಗೆ ಹಲಗೆಗೆ ಕಟ್ಟಿದ್ದರು. ನಿಲ್ಲುವ ಹಾಗಿಲ್ಲ. ನೆಟ್ಟಗೆ ಕೂರುವ ಹಾಗೂ ಇಲ್ಲ, ಹಿಂದಕ್ಕೆ ಒರಗಿಯೇ ಇರಬೇಕು. ಸೋಮವಾರದಿಂದ ನಲವತ್ತು ದಿನ, ಒಂದು ದಿನವೂ ತಪ್ಪದೆ, ಬೆಳಿಗ್ಗೆ ಒಂಬತ್ತಕ್ಕೆ ಆ ಯಂತ್ರದ ಮೇಲೆ ಕಾಲಿಡಬೇಕು.

ಫಿಸಿಯೋ ಮೇಡಂ ಮುಚ್ಚುಮರೆ ಮಾಡಲಿಲ್ಲ. "ಈಗ ಬಗ್ಗಿಸಿದ್ರೆ ಬಗ್ಗುತ್ತೆ. ಆಮೇಲೆ ಹೀಗೇ ಕೂತುಬಿಡುತ್ತೆ. ಹೊಲಿಗೆ ಮೆಷಿನ್ ತುಳಿಯೋಕೆ ತೊಂಬತ್ತು ಡಿಗ್ರಿ ಬೇಕು. ಇರೋದು ಎರಡೇ ಯಂತ್ರ, ಹೊರಗೆ ಎಷ್ಟು ಜನ ಕಾಯ್ತಿದ್ದಾರೆ ನೋಡಿ. ಬರೋದು ನಿಲ್ಲಿಸಿದ್ರೆ ಸೀಟು ಮುಂದಿನವರಿಗೆ."

ವಾರ್ಡಿನವರಿಗೆ ಶನಿವಾರ ಹಾಸಿಗೆ ವಾಪಸ್ ಬೇಕಿತ್ತು. ಹಾಗಾಗಿ ಶನಿವಾರದೊಳಗೆ, ಆಸ್ಪತ್ರೆಯ ಹತ್ತಿರದಲ್ಲಿ, ಆರು ವಾರಕ್ಕೆ ಒಂದು ಮನೆ ಹುಡುಕಬೇಕಾಗಿತ್ತು. ಹುಡುಕಬೇಕಾದವಳು ತಂಗಿ.

ತಂಗಿ ಅಕ್ಕನಿಗಿಂತ ಹನ್ನೆರಡು ವರ್ಷ ಚಿಕ್ಕವಳು. ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುವುದು ಅವಳ ಕೆಲಸ. ಸೀಸೆಯ ಮೇಲೆ ಏನು ಬರೆದಿದೆಯೋ ಅದೇ ನಿಜ, ಒಳಗಿರುವ ರಕ್ತ ಯಾರದು ಎಂದು ಹೇಳಲು ರಕ್ತಕ್ಕೆ ಬಾಯಿಲ್ಲ ಎಂದು ಅವಳ ಮೇಲಿನವರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಏಳು ವರ್ಷದಲ್ಲಿ ಅವಳು ಒಂದು ಚೀಟಿಯನ್ನೂ ತಪ್ಪಾಗಿ ಅಂಟಿಸಿರಲಿಲ್ಲ. ಇದು ಅವಳಿಗಿದ್ದ ಒಂದೇ ಜಂಬ.

ಮಂಗಳವಾರ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಸುತ್ತಿದಳು. ಹೊಸದಾಗಿ ಬೆಳೆದ ಬಡಾವಣೆ ಅದು. ಒಂದೇ ಅಚ್ಚಿನ ಅಪಾರ್ಟ್‌ಮೆಂಟುಗಳು, ಗೇಟಿನ ಪಕ್ಕ ಒಂದೊಂದು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಮೇಲೆ ಒಬ್ಬೊಬ್ಬ ಕಾವಲುಗಾರ. ಅರ್ಧಕ್ಕರ್ಧ ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿರಲಿಲ್ಲ. ಅಂದರೆ ಖಾಲಿ. ಖಾಲಿ ಮನೆಗಳ ಎದುರು ನಿಂತು ಮನೆ ಇಲ್ಲ ಎನ್ನಿಸಿಕೊಳ್ಳುವುದಕ್ಕೆ ಬೇರೆಯೇ ಗಟ್ಟಿತನ ಬೇಕು.

ಮೊದಲನೇ ಮನೆಯವರು ಹನ್ನೊಂದು ತಿಂಗಳಿಗೆ ಕಡಿಮೆ ಇಲ್ಲ ಎಂದರು. ಎರಡನೆಯವರೂ ಅದನ್ನೇ ಹೇಳಿದರು. ಮೂರನೇ ಮನೆಯ ಹೆಂಗಸು ಕೇಳಿಸಿಕೊಳ್ಳುವಷ್ಟು ಕೇಳಿಸಿಕೊಂಡು, "ಗಾಲಿಕುರ್ಚಿನಾ? ನಮ್ದು ಹೋದ ತಿಂಗಳಷ್ಟೇ ಹಾಕಿಸಿದ ಟೈಲ್ಸು ಕಣಮ್ಮ" ಎಂದು ಕಾಲಬೆರಳಿಂದ ನೆಲ ತೋರಿಸಿದಳು. ಇನ್ನೊಬ್ಬರು ಬಾಗಿಲ ಸರಪಳಿಯನ್ನೂ ತೆಗೆಯದೆ, "ಗಂಡಸರು ಯಾರೂ ಇಲ್ವಾ?" ಎಂದು ಕೇಳಿದರು.

"ಇಲ್ಲ."

"ಹೆಚ್ಚು ಕಡಿಮೆ ಆದ್ರೆ?"

"ಆಗೋದೆಲ್ಲ ಆಗಿದೆ ಸರ್" ಎಂದಳು ತಂಗಿ. ಬಾಗಿಲು ಮುಚ್ಚಿತು.

ಬುಧವಾರ ಒಬ್ಬ ಬ್ರೋಕರ್ ಸಿಕ್ಕ. ಎರಡು ಫೋನು, ಒಂದು ಸ್ಕೂಟರು, ಬಾಯಲ್ಲಿ ಸದಾ ಒಂದೇ ಮಾತು: "ಎರಡು ನಿಮಿಷ ಮೇಡಂ." ಅವನ ಎರಡು ನಿಮಿಷ ಎಂದರೆ ಮುಕ್ಕಾಲು ಗಂಟೆ. ವಾರ್ಡಿನಲ್ಲಿ ಅಕ್ಕ ಅವನಿಗೆ 'ಎರಡು ನಿಮಿಷ' ಎಂದೇ ಹೆಸರಿಟ್ಟಳು.

"ಏನಂದ ನಿನ್ನ ಎರಡು ನಿಮಿಷ?"

"ನೆಲ ಅಂತಸ್ತು ಎಲ್ಲೂ ಇಲ್ವಂತೆ. ಇರೋವೆಲ್ಲ ಕ್ಲಿನಿಕ್ಕು, ಬ್ಯೂಟಿ ಪಾರ್ಲರ್ರು."

"ಪಾರ್ಲರಲ್ಲೇ ಮಲಗಿಸು. ಕಾಲು ಸರಿಯಾಗದಿದ್ರೂ ಹುಬ್ಬಾದ್ರೂ ಸರಿಯಾಗುತ್ತೆ."

ಪಕ್ಕದ ಹಾಸಿಗೆಯ ಮುದುಕಿ ನಕ್ಕಳು. ತಂಗಿಗೆ ನಗು ಬರಲಿಲ್ಲ. ಮೂರು ದಿನ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಮಲಗಿ ಅವಳ ಕುತ್ತಿಗೆ ಒಂದು ಕಡೆ ಹಿಡಿದುಕೊಂಡಿತ್ತು.

ಗುರುವಾರ ಮಧ್ಯಾಹ್ನ 'ಎರಡು ನಿಮಿಷ'ನೇ ಓಡಿ ಬಂದ. ಕನ್ನಡಕದ ಅಂಗಡಿ ಇಟ್ಟಿದ್ದ ಯಜಮಾನರೊಬ್ಬರ ಮನೆ, ನಾಲ್ಕನೇ ಅಂತಸ್ತು. ಹಳೇ ಬಾಡಿಗೆಯವರು ಹೋಗಿದ್ದರು, ಹೊಸಬರು ಬರುವುದು ಏಳು ವಾರದ ಮೇಲೆ. ನಡುವೆ ಮನೆ ಸುಮ್ಮನೆ ಬಿದ್ದಿರುತ್ತಿತ್ತು.

"ಆರು ವಾರ ಆದ ಮಾರನೇ ದಿನ ಬೆಳಿಗ್ಗೆ ಬಣ್ಣದವರು ಬರ್ತಾರೆ" ಎಂದರು ಕನ್ನಡಕದವರು ತಮ್ಮ ಅಂಗಡಿಯಲ್ಲಿ. "ಆಗ ಬಂದು, ಇನ್ನೊಂದೆರಡು ದಿನ ಸರ್ ಅಂತ ಅಳಬಾರದು. ಬಾಡಿಗೆ ಮೊದಲೇ ಕೊಡಬೇಕು, ಮಧ್ಯದಲ್ಲಿ ಬಿಟ್ಟರೆ ವಾಪಸ್ ಇಲ್ಲ."

"ಅಳಲ್ಲ ಸರ್" ಎಂದಳು ತಂಗಿ. "ಲಿಫ್ಟ್ ಇದೆಯಲ್ವಾ?"

"ಇದೆ. ಚಿಕ್ಕದು. ಮೂರು ಜನದ್ದು."

ಅಕ್ಕನ ಗಾಲಿಕುರ್ಚಿ ಸಾಮಾನ್ಯ ಕುರ್ಚಿಯಲ್ಲ. ಹಿಂದೆ ಒರಗುವ, ಮುಂದೆ ಕಾಲಿಗೆ ಹಲಗೆ ಚಾಚಿದ ಉದ್ದನೆಯ ಕುರ್ಚಿ. ಕುರ್ಚಿಯ ಅಡಿಯಲ್ಲಿ ಅಂಟಿಸಿದ್ದ ಚೀಟಿಯಲ್ಲಿ ಪೂರ್ತಿ ಒರಗಿದಾಗಿನ ಉದ್ದ ಐವತ್ನಾಲ್ಕು ಇಂಚು ಎಂದಿತ್ತು. ಚೀಟಿಯನ್ನು ಅವಳು ಎರಡು ಸಲ ಓದಿದ್ದಳು.

"ಲಿಫ್ಟಿನ ಅಳತೆ ತಗೊಂಡು ನಾಳೆ ಬೆಳಿಗ್ಗೆ ಹೇಳ್ತೀನಿ ಸರ್."

"ಲಿಫ್ಟಿನ ಅಳತೆನಾ? ಬ್ಲೌಸು ಹೊಲಿಸ್ತೀರಾ ಅದಕ್ಕೆ?" ಎಂದು 'ಎರಡು ನಿಮಿಷ' ಹಲ್ಲು ಕಿರಿದ.

ವಾರ್ಡಿನಲ್ಲಿ ಅಕ್ಕ ವಿಷಯ ಕೇಳಿ ತಲೆದಿಂಬಿನ ಕೆಳಗಿಂದ ತನ್ನ ಟೇಪು ತೆಗೆದು ಕೊಟ್ಟಳು. ಅಪಘಾತದ ದಿನ ಅದು ಕೊರಳಲ್ಲೇ ಇತ್ತು. ಹಳದಿ ಹೋಗಿ ಮಣ್ಣಿನ ಬಣ್ಣಕ್ಕೆ ತಿರುಗಿದ್ದ, ತುದಿಯನ್ನು ನೀಲಿ ದಾರದಲ್ಲಿ ಒತ್ತಾಗಿ ಹೊಲಿದಿದ್ದ ಬಟ್ಟೆ ಟೇಪು. ಅಕ್ಕ ಹೊಸ ಟೇಪು ಮುಟ್ಟುತ್ತಿರಲಿಲ್ಲ, ಇದು ತನ್ನ ಕೈ ಮಾತು ಕೇಳುತ್ತದೆ ಎನ್ನುತ್ತಿದ್ದಳು.

"ಒಳಗೋಡೆಯಿಂದ ಗೇಟಿನವರೆಗೆ ತಗೋ. ಬಿಗಿಯಾಗಿ ಎಳಿ, ಜೋಲು ಬಿಡಬೇಡ."

"ಗೊತ್ತು ಬಿಡೇ. ಹುಟ್ಟಿದಾಗಿಂದ ನೋಡ್ತಾ ಇದೀನಿ."

ಅದೂ ಹೆಚ್ಚು ಕಡಿಮೆ ನಿಜವೇ. ಅವಳು ಆರನೇ ಕ್ಲಾಸಿನಲ್ಲಿದ್ದಾಗಿನಿಂದ ಅಕ್ಕ ಗಿರಾಕಿಗಳ ಮೈಗೆ ಟೇಪು ಹಿಡಿದು ಅಳತೆ ಕೂಗುತ್ತಿದ್ದಳು, ಇವಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಎದೆ ಮೂವತ್ತಾರು, ತೋಳು ಹತ್ತೂವರೆ. ಅಕ್ಕ ಕೂಗಿದ್ದು ಒಂದು ದಿನವೂ ತಪ್ಪಿರಲಿಲ್ಲ, ಇವಳು ಬರೆದದ್ದೂ ತಪ್ಪಿರಲಿಲ್ಲ.

ಲಿಫ್ಟು ಹಳೇ ಕಾಲದ್ದು. ಎಳೆದು ಮುಚ್ಚುವ ಕಬ್ಬಿಣದ ಜಾಲರಿ ಗೇಟು, ಒಳಗೆ ಮಿಣುಕುವ ಒಂದು ದೀಪ. ಗೇಟು ಪೂರ್ತಿ ಮುಚ್ಚದಿದ್ದರೆ ಅದು ಅಲುಗಾಡುವುದಿಲ್ಲ ಎಂದು ಅಲ್ಲಿನ ಕಾವಲುಗಾರ ಹೇಳಿದ. ಅವನು ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಒಳಗೋಡೆಗೆ ಒತ್ತಿ ಹಿಡಿದ. ತಂಗಿ ಇತ್ತ ಗೇಟಿನ ಬಳಿ ಕುಕ್ಕರಗಾಲಲ್ಲಿ ಕೂತು ಬಿಗಿಯಾಗಿ ಎಳೆದಳು. ಐವತ್ನಾಲ್ಕೂವರೆ. ಮತ್ತೆ ಹಿಡಿಸಿದಳು. ಮತ್ತೆ ಐವತ್ನಾಲ್ಕೂವರೆ. ಫೋನಿನ ಬೆಳಕು ಬಿಟ್ಟು ಮೂರನೇ ಸಲ ನೋಡಿದಳು.

"ಎಷ್ಟು ಸಲ ನೋಡಿದ್ರೂ ಅಷ್ಟೇ ಇರುತ್ತೆ ಕಣವ್ವ. ಅದೇನು ಬೆಳೆಯೋ ಕೂಸಾ?" ಎಂದ ಕಾವಲುಗಾರ.

ಆ ವಾರ ಅವಳು ನಕ್ಕದ್ದು ಅದೇ ಮೊದಲ ಸಲ.

"ಐವತ್ನಾಲ್ಕೂವರೆ" ಎಂದು ವಾರ್ಡಿಗೆ ಬಂದು ಹೇಳಿದಳು.

"ಐವತ್ನಾಲ್ಕೂವರೆನಾ? ಸರಿಯಾಗಿ ನೋಡಿದೆಯಾ?"

"ಮೂರು ಸಲ."

"ಅರ್ಧ ಇಂಚು ಜಾಸ್ತಿನೇ ಇದೆ ಹಾಗಾದ್ರೆ. ಸಾಕು. ಬಟ್ಟೆಗಾದ್ರೂ ಅಷ್ಟೇ ಬಿಡೋದು ನಾನು." ಅಕ್ಕ ಟೇಪನ್ನು ಸುತ್ತಿ ದಿಂಬಿನ ಕೆಳಗಿಟ್ಟುಕೊಂಡಳು.

ಶುಕ್ರವಾರ ತಂಗಿ ಬ್ಯಾಂಕಿನಲ್ಲಿದ್ದದ್ದನ್ನೆಲ್ಲ ತೆಗೆದು ಕನ್ನಡಕದವರಿಗೆ ಕೊಟ್ಟಳು. ಸಂಜೆ ಮನೆ ಗುಡಿಸಿದಳು. ಒಂದು ಹಾಲ್, ಒಂದು ಕೋಣೆ, ಅಡುಗೆಮನೆಯಲ್ಲಿ ಹಳೇ ಬಾಡಿಗೆಯವರು ಬಿಟ್ಟುಹೋದ ಒಂದು ಸೌಟು. ಅಕ್ಕನ ಹಾಸಿಗೆಯನ್ನು ಕಿಟಕಿಯ ಹತ್ತಿರ ಹಾಕಿದಳು. ಕಿಟಕಿಯಿಂದ ಆಸ್ಪತ್ರೆಯ ನೀರಿನ ಟ್ಯಾಂಕ್ ಕಾಣುತ್ತಿತ್ತು. ಎಲ್ಲ ಸರಿಹೋಯಿತು ಎಂದುಕೊಂಡಳು. ಹಾಗೆ ಅಂದುಕೊಂಡದ್ದು ನೆನಪಾದಾಗೆಲ್ಲ ಅವಳಿಗೆ ಆಮೇಲೆ ನಾಚಿಕೆಯಾಗುತ್ತಿತ್ತು.

ಶನಿವಾರ ಹನ್ನೊಂದು ಗಂಟೆಗೆ ಆಸ್ಪತ್ರೆಯ ವ್ಯಾನು ಬಂತು. ಇಬ್ಬರು ವಾರ್ಡ್ ಬಾಯ್‌ಗಳು ಕುರ್ಚಿಯನ್ನು ಇಳಿಸಿ ಲಿಫ್ಟಿನವರೆಗೂ ತಳ್ಳಿಕೊಂಡು ಬಂದರು. ಇಬ್ಬರಿಗೂ ಐವತ್ತರ ಮೇಲೆ ವಯಸ್ಸು. ಕುರ್ಚಿ ಹಿಮ್ಮುಖವಾಗಿ ಒಳಗೆ ಹೋಯಿತು. ಬೆನ್ನಿನ ಒರಗಿನ ಕಂಬಿ ಒಳಗೋಡೆಗೆ ಟಣ್ ಎಂದು ತಾಗಿತು. ಕಾವಲುಗಾರ ಗೇಟು ಎಳೆದ. ಗೇಟು ಬಂದು ಕಾಲು ಹಲಗೆಯ ತುದಿಗೆ ತಾಗಿ ನಿಂತಿತು.

"ಇನ್ನೂ ಸ್ವಲ್ಪ ಹಿಂದಕ್ಕೆ" ಎಂದಳು ತಂಗಿ.

"ಹಿಂದೆ ಗೋಡೆ ಇದೆ ತಾಯಿ" ಎಂದ ಒಬ್ಬ.

ಕುರ್ಚಿಯನ್ನು ಓರೆ ಮಾಡಿದರು. ಅಗಲ ಸಾಲಲಿಲ್ಲ. ಹೊರಗೆ ತಂದು ಮುಮ್ಮುಖವಾಗಿ ನುಗ್ಗಿಸಿದರು. ಆಗಲೂ ಅಷ್ಟೇ ಹೊರಗುಳಿಯಿತು. ಗೇಟಿನ ದಾರಿಗೆ ಅಡ್ಡ ಬರುತ್ತಿದ್ದದ್ದು ಒಂದು ಕಿರುಬೆರಳ ದಪ್ಪದಷ್ಟು, ಅಷ್ಟೇ. ತಂಗಿ ಬಗ್ಗಿ ಕುರ್ಚಿಯ ಅಡಿಯ ಚೀಟಿಯನ್ನು ಮತ್ತೆ ಓದಿದಳು. ಐವತ್ನಾಲ್ಕು.

"ಚೀಟಿನೇ ತಪ್ಪು" ಎಂದಳು. "ಇದು ಐವತ್ನಾಲ್ಕಲ್ಲ."

ಅಕ್ಕ ಛಾವಣಿ ನೋಡುತ್ತಾ ಮಲಗಿದ್ದಳು. "ಟೇಪು ಕೊಡು ಇಲ್ಲಿ" ಎಂದಳು.

ತಂಗಿ ಚೀಲದಿಂದ ತೆಗೆದುಕೊಟ್ಟಳು. ಅಕ್ಕ ಅದನ್ನು ಬಿಚ್ಚಲೂ ಇಲ್ಲ. ನೀಲಿ ದಾರದ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ ನೋಡಿದಳು.

"ನೀನು ಒಂದು ಕಳೆದಿದ್ದೆ ತಾನೆ?"

"ಏನು ಒಂದು?"

"ಇಂಚು."

"ಯಾಕೆ ಕಳೀಬೇಕು?"

ಅಕ್ಕ ತುದಿಯನ್ನು ಅವಳ ಕಡೆ ಹಿಡಿದಳು. ದಾರದ ಹೊಲಿಗೆಯ ಪಕ್ಕದಲ್ಲೇ ಇದ್ದ ಮೊದಲ ಅಂಕಿ ಎರಡು. ಒಂದು ಇರಲಿಲ್ಲ. ಎಷ್ಟೋ ವರ್ಷದ ಹಿಂದೆ ಇಸ್ತ್ರಿಪೆಟ್ಟಿಗೆಯ ಕೆಳಗೆ ಸಿಕ್ಕು ಟೇಪಿನ ತುದಿ ಸುಟ್ಟಿತ್ತು. ಅಕ್ಕ ಸುಟ್ಟದ್ದನ್ನು ಒಂದು ಇಂಚಿನ ಗೆರೆಗೆ ಸರಿಯಾಗಿ ಕತ್ತರಿಸಿ, ದಾರ ಬಿಚ್ಚದ ಹಾಗೆ ತುದಿ ಹೊಲಿದುಕೊಂಡಿದ್ದಳು. ಅಂದಿನಿಂದ ಮೂವತ್ತೇಳು ಕಂಡರೆ ಮೂವತ್ತಾರು ಎಂದು ಕೂಗುತ್ತಿದ್ದಳು. ಕಳೆಯುತ್ತಿದ್ದೇನೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಅಂಗಡಿಯಲ್ಲಿ ಬಾಯಿಂದ ಬಂದ ಅಳತೆ ಎಂದರೆ ಕಳೆದು ಮುಗಿದ ಅಳತೆ. ತಂಗಿ ಬಂದು ಐವತ್ನಾಲ್ಕೂವರೆ ಎಂದಾಗ ಅಕ್ಕ ಅದನ್ನೂ ಹಾಗೆಯೇ ಕೇಳಿಸಿಕೊಂಡಿದ್ದಳು.

"ನನಗೆ ಹೇಳಲೇ ಇಲ್ವಲ್ಲೇ ನೀನು" ಎಂದಳು ತಂಗಿ.

"ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ. ಇಷ್ಟು ವರ್ಷ ಪಕ್ಕದಲ್ಲೇ ಕೂತು ಬರೀತಿದ್ಯಲ್ಲ."

"ನೀನು ಕೂಗಿದ್ದು ಬರೀತಿದ್ದೆ. ಟೇಪು ಯಾವತ್ತು ನೋಡಿದ್ದೆ ನಾನು?"

ವಾರ್ಡ್ ಬಾಯ್‌ಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೆಟ್ಟಿಲು ಹತ್ತಿಸಬಹುದೇ ಎಂದು ತಂಗಿ ಕೇಳಿದಳು. ಕಾವಲುಗಾರ ತಲೆಯಾಡಿಸಿದ. "ಹೋದ ಸಲ ಫ್ರಿಜ್ ಒಯ್ಯುವಾಗಲೇ ತಿರುವಿನಲ್ಲಿ ಸಿಕ್ಕಿಕೊಂಡು ಗೋಡೆ ಕಿತ್ತು ಬಂತು. ಇದಂತೂ ತಿರುಗೋ ಮಾತೇ ಇಲ್ಲ. ಹೇಗೋ ತಿರುಗಿಸಿದ್ರೂ ದಿನಾ ಯಾರು ಹೊರ್ತಾರೆ?"

ಹೊತ್ತು ಹೋಗುತ್ತಿತ್ತು. ವ್ಯಾನಿನ ಡ್ರೈವರ್ ಹೊರಗೆ ಹಾರ್ನ್ ಒತ್ತಿದ. ವಾರ್ಡಿಗೆ ಫೋನ್ ಮಾಡಿದರೆ ಆ ಹಾಸಿಗೆಯಲ್ಲಿ ಆಗಲೇ ಇನ್ನೊಬ್ಬರು ಮಲಗಿದ್ದರು.

"ಒರಗು ಎತ್ತಿ" ಎಂದಳು ಅಕ್ಕ.

"ಡಾಕ್ಟರು ಬೇಡ ಅಂದಿದಾರೆ."

"ಡಾಕ್ಟರು ಬಂದು ಗೇಟು ಹಾಕ್ತಾರಾ? ಎತ್ತಿ ಅಂದ್ರೆ ಎತ್ತಿ. ಒಂದೇ ನಿಮಿಷದ ಕೆಲಸ."

ಒರಗನ್ನು ಏರಿಸಿ ಇಳಿಸಲು ಇದ್ದದ್ದು ಮೂರೇ ಹಲ್ಲು. ಒಂದು ಹಲ್ಲು ಎತ್ತಿದರೆ ಒಂದು ಇಂಚಲ್ಲ, ಒಂದು ಗೇಣು ಮೇಲೆ ಬರುತ್ತಿತ್ತು. ವಾರ್ಡ್ ಬಾಯ್ ಕಟಕ್ಕೆಂದು ಎತ್ತಿದ. ಅಕ್ಕ ಕೂಗಲಿಲ್ಲ. ಟೇಪನ್ನು ಮುದ್ದೆ ಮಾಡಿ ಬಾಯಿಗೆ ಇಟ್ಟುಕೊಂಡು ಕಚ್ಚಿದಳು. ಗೇಟು ಮುಚ್ಚಿತು. ಒಳಗೆ ಅವಳ ಜೊತೆ ನಿಲ್ಲಲು ಒಬ್ಬರಿಗೇ ಜಾಗವಿತ್ತು, ವಾರ್ಡ್ ಬಾಯ್ ನಿಂತ. ತಂಗಿ ನಾಲ್ಕು ಅಂತಸ್ತನ್ನು ಮೆಟ್ಟಿಲಲ್ಲಿ ಓಡುತ್ತಾ ಹತ್ತಿದಳು. ಪ್ರತಿ ಅಂತಸ್ತಿನ ಜಾಲರಿಯಲ್ಲೂ ಅಕ್ಕನ ನೆತ್ತಿ ಮೇಲಕ್ಕೆ ಹೋಗುವುದು ಕಂಡಿತು.

ಭಾನುವಾರ ತಂಗಿ ಬೇರೆ ಮನೆ ಹುಡುಕಲು ಹೋದಳು. ಫೋನಿನಲ್ಲಿ ಎರಡು ನಿಮಿಷ ಎಂದ ಬ್ರೋಕರ್ ಅಂದೆಲ್ಲ ಸಿಗಲಿಲ್ಲ. ಬಡಾವಣೆಯ ಎಲ್ಲ ಗೇಟುಗಳಿಗೂ ಎರಡನೇ ಸಲ ಹೋದಳು. ಮಂಗಳವಾರದ ಕಾವಲುಗಾರರು ಅವಳ ಗುರುತು ಹಿಡಿದು, ಅವಳು ಬಾಯಿ ಬಿಡುವ ಮೊದಲೇ ಕೈ ಆಡಿಸಿದರು. ಕನ್ನಡಕದವರಿಗೆ ಫೋನ್ ಮಾಡಿ, ಬೇರೆ ಕಡೆ ಕೆಳಗಿನ ಮನೆ ಸಿಕ್ಕರೆ ಹಣದಲ್ಲಿ ಸ್ವಲ್ಪವಾದರೂ ವಾಪಸ್ ಕೊಡುತ್ತೀರಾ ಎಂದು ಕೇಳಿದಳು.

"ಲಿಫ್ಟಿನ ಅಳತೆ ನೀವೇ ತಗೊಂಡ್ರಲ್ಲಮ್ಮ" ಎಂದರು ಅವರು. ಗದರಿಸಿ ಹೇಳಲಿಲ್ಲ. ಗದರಿಸಿದ್ದರೆ ಜಗಳವಾದರೂ ಆಡಬಹುದಿತ್ತು.

ಸೋಮವಾರ ಒಂಬತ್ತಕ್ಕೆ ಅಕ್ಕ ಯಂತ್ರದ ಮೇಲಿದ್ದಳು. ಇಳಿಯುವಾಗ ಒಮ್ಮೆ ಒರಗು ಎತ್ತಿದರು, ಹತ್ತುವಾಗ ಇನ್ನೊಮ್ಮೆ. ಮಂಡಿ ಆ ದಿನ ಎಂಟು ಡಿಗ್ರಿ ಬಗ್ಗಿತು. ಮಂಗಳವಾರ ಹನ್ನೆರಡು. ಫಿಸಿಯೋ ಮೇಡಂ ಚೀಟಿಯಲ್ಲಿ ಬರೆಯುತ್ತಾ "ಭೇಷ್" ಎಂದರು. ಆಮೇಲೆ ಅವರ ಕಣ್ಣು ಸೊಂಟದ ಪಟ್ಟಿಯ ಮೇಲೆ ನಿಂತಿತು. ಬಿಳಿ ಬಟ್ಟೆಯ ಮೇಲೆ ಗುಂಡಿಯಷ್ಟಗಲ ಕೆಂಪು ಇತ್ತು.

"ಇದೇನಿದು? ಕೂರಿಸಿದ್ರಾ ಇವರನ್ನ?"

ತಂಗಿ ಎಲ್ಲವನ್ನೂ ಹೇಳಿದಳು. ಲಿಫ್ಟು, ಗೇಟು, ಒರಗಿನ ಹಲ್ಲು. ಟೇಪಿನ ವಿಷಯವನ್ನು ಮಾತ್ರ ಹೇಳಲಿಲ್ಲ. ಹೇಳಿದರೆ ಅದು ಅಕ್ಕನ ತಪ್ಪು ಎಂದಾಗುತ್ತಿತ್ತೋ ತನ್ನದು ಎಂದಾಗುತ್ತಿತ್ತೋ ಅವಳಿಗೆ ಗೊತ್ತಾಗಲಿಲ್ಲ.

ಆಪರೇಷನ್ ಮಾಡಿದ ಡಾಕ್ಟರು ಬಂದು ನೋಡಿದರು, ಎಕ್ಸ್‌ರೇ ತೆಗೆಸಿದರು. ತಿರುಪು ಸಡಿಲಾಗಿತ್ತು. ಮೂರು ವಾರ ಅಲುಗಾಡದೆ ಮಲಗಬೇಕು ಎಂದರು. ಕೆಳಗಿನ ಅಂತಸ್ತಿನ ವಾರ್ಡಿನಲ್ಲಿ ಹಾಸಿಗೆ ಕೊಟ್ಟರು. ಅಷ್ಟು ದಿನ ಗೋಗರೆದರೂ ಸಿಗದ ಹಾಸಿಗೆ ಈಗ ಕಾಲು ಗಂಟೆಯಲ್ಲಿ ಸಿಕ್ಕಿತು.

"ಯಂತ್ರ?" ಎಂದು ಕೇಳಿದಳು ತಂಗಿ.

"ಮೂರು ವಾರ ಅದನ್ನ ಖಾಲಿ ಇಡೋಕಾಗಲ್ಲಮ್ಮ" ಎಂದರು ಫಿಸಿಯೋ ಮೇಡಂ. "ನಿಮ್ಮ ಹೆಸರು ಮತ್ತೆ ಪಟ್ಟಿಗೆ ಹಾಕ್ತೀನಿ. ಮುಂದಿನ ಸೀಟು ಒಂಬತ್ತು ವಾರ ಆಗುತ್ತೆ."

"ಅಷ್ಟರಲ್ಲಿ ಮಂಡಿ?"

ಮೇಡಂ ಪೆನ್ನಿನ ಕ್ಯಾಪು ಹಾಕಿದರು. ಉತ್ತರ ಅವರು ಮೊದಲೇ ಕೊಟ್ಟಿದ್ದರು.

ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದ ಒಬ್ಬ ಲಾರಿ ಡ್ರೈವರನ್ನು ಒಳಗೆ ಕರೆದರು. ಅವನ ಹೆಂಡತಿ ಫೈಲನ್ನು ಎದೆಗವಚಿಕೊಂಡು ಎದ್ದಳು. ತಂಗಿಯ ಪಕ್ಕದಲ್ಲೇ ಹಾದುಹೋದರೂ ಮುಖ ನೋಡಲಿಲ್ಲ. ಅವಳನ್ನು ತಪ್ಪೆನ್ನುವ ಹಾಗೂ ಇರಲಿಲ್ಲ. ಅವಳೂ ಎಲ್ಲೋ ಒಂದು ಮನೆ ಹುಡುಕಿಕೊಂಡಿದ್ದಳು, ಅವಳ ಅಳತೆ ಸರಿಯಾಗಿತ್ತು.

ಆರನೇ ವಾರ ಮುಗಿದ ಮಾರನೇ ಬೆಳಿಗ್ಗೆ, ಹೇಳಿದ ಹಾಗೆಯೇ, ಆ ಮನೆಗೆ ಬಣ್ಣದವರು ಬಂದರು. ತಂಗಿ ಹಿಂದಿನ ದಿನವೇ ಊರಿಂದ ಬಂದು ಹಾಸಿಗೆ ಕಟ್ಟಿಕೊಂಡು, ಸೌಟನ್ನು ಇದ್ದ ಜಾಗದಲ್ಲೇ ಇಟ್ಟು, ಬೀಗದ ಕೈ ಕಾವಲುಗಾರನಿಗೆ ಕೊಟ್ಟು ಹೋಗಿದ್ದಳು. ಆ ಹೊತ್ತಿಗೆ ಅಕ್ಕ ಊರಿನ ಮನೆಯಲ್ಲಿ, ಬಲಗಾಲನ್ನು ಸ್ಟೂಲಿನ ಮೇಲೆ ನೆಟ್ಟಗೆ ಚಾಚಿ, ಗುಂಡಿ ಹಚ್ಚುವ ಕೆಲಸಕ್ಕೆ ಕೂತಿದ್ದಳು. ಮೆಷಿನ್ನಿನ ಮೇಲೆ ಬಟ್ಟೆ ಹೊದಿಸಿತ್ತು. ತಂಗಿ ಹೊಸ ಟೇಪೊಂದನ್ನು ತಂದು ಮುಂದಿಟ್ಟಳು.

"ಇದರಲ್ಲಿ ಒಂದು ಇದೆಯಾ?" ಎಂದಳು ಅಕ್ಕ.

"ಇದೆ."

"ಹಾಗಾದ್ರೆ ನನಗೆ ಅಭ್ಯಾಸ ತಪ್ಪುತ್ತೆ. ನೀನೇ ಇಟ್ಕೋ."

ಒಟ್ಟು ಹೋದದ್ದು: ಮನೆಯಲ್ಲಿ ಮೂವತ್ತೊಂಬತ್ತು ದಿನ, ಯಂತ್ರದ ಮೇಲೆ ಮೂವತ್ತೆಂಟು ದಿನ, ಮಂಡಿಯಲ್ಲಿ ಎಪ್ಪತ್ತೆಂಟು ಡಿಗ್ರಿ.